ಪೆಂಗ್ವಿನ್ ಮರಿಗೆ ಬೂತಾಯಿ ತಿನ್ನಿಸುವ ಕೆಲಸ

ಆಫ್ರಿಕನ್ ಪೆಂಗ್ವಿನ್ ಮರಿಗೆ ಮೀನು ತಿನ್ನಿಸಬೇಕಾದರೆ ಮೊದಲು ಅದನ್ನು ಮೊಣಕಾಲುಗಳ ನಡುವೆ ಅವುಚಿ ಕೂರಬೇಕು. ಎಡಗೈಯಲ್ಲಿ ತಲೆ ಹಿಡಿದು, ಬೆರಳಿಂದ ಕೊಕ್ಕು ಬಿಡಿಸಿ, ಮೀನನ್ನು ತಲೆ ಮುಂದಾಗಿಯೇ ಗಂಟಲಿಗೆ ಇಳಿಸಬೇಕು. ಬಾಲ ಮುಂದಾದರೆ ಈಜುರೆಕ್ಕೆ ಸಿಕ್ಕಿಕೊಳ್ಳುತ್ತದೆ. ಕಚ್ಚಿದರೆ ಚರ್ಮ ಕಿತ್ತೇ ಬರುತ್ತದೆ, ಹಾಗಾಗಿ ತೋಳಿಗೆ ದಪ್ಪ ರಬ್ಬರ್ ಕವಚ. ಶೀತಲೀಕರಿಸಿದ ಮೀನಿನಲ್ಲಿ ಬಿ1 ಜೀವಸತ್ವ ಕಡಿಮೆಯಾಗಿರುತ್ತದೆ. ಅದರ ಮಾತ್ರೆಯನ್ನು ಮೀನಿನ ಕಿವಿರಿನೊಳಗೆ ತುರುಕಿ ಕೊಡುತ್ತಿದ್ದೆವು. ಮಂಗಳೂರಿನ ನಮ್ಮ ಮನೆಯಲ್ಲಿ ಬೂತಾಯಿ, ಅಂದರೆ ಸಾರ್ಡೀನ್ ಮೀನು, ಶುಚಿ ಮಾಡಿ ಪಳಗಿದ ಕೈ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಉಪಯೋಗಕ್ಕೆ ಬಂತು. ಅಲ್ಲಿನ ಸಾರ್ಡೀನ್ ಬೇರೆ ಜಾತಿಯದು, ನಾತ ಮಾತ್ರ ಅದೇ!

ಕೇಪ್‌ಟೌನ್‌ನ ಸ್ಯಾಂಕಾಬ್ 1968ರಲ್ಲಿ ಹುಟ್ಟಿದ ಕಡಲಹಕ್ಕಿಗಳ ಆರೈಕೆ ಸಂಸ್ಥೆ. ನಾನು ಸ್ವಯಂಸೇವಕಿಯಾಗಿ ಹೋದದ್ದು ವರ್ಷದ ಕೊನೆಗೆ, ಮರಿಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ಬರುವ ಕಾಲಕ್ಕೆ. ಆ ಹೊತ್ತಿಗೆ ದೊಡ್ಡ ಹಕ್ಕಿಗಳು ಗರಿ ಉದುರಿಸುತ್ತವೆ. ಹೊಸ ಗರಿ ಬರುವ ಸುಮಾರು ಮೂರು ವಾರ ಮೈ ನೀರು ತಡೆಯುವುದಿಲ್ಲ, ಕಡಲಿಗಿಳಿಯುವಂತಿಲ್ಲ, ಉಪವಾಸ. ತಡವಾಗಿ ಹುಟ್ಟಿದ ಮರಿ ಗೂಡಲ್ಲಿದ್ದರೆ ಅದರ ಗತಿಯೂ ಅಷ್ಟೇ.

ಮರಿ ಸಾಕುವುದು ನಮ್ಮ ಕೈಲಾಗುತ್ತದೆ. ಕಷ್ಟವಿರುವುದು ಅದು ಮರಳುವ ಕಡಲಿನಲ್ಲಿ. ಈ ಪೆಂಗ್ವಿನ್‌ಗಳು ಗೂಡು ಮಾಡುವ ಡಾಸೆನ್, ರಾಬೆನ್ ದ್ವೀಪಗಳ ಸುತ್ತ ಸಾರ್ಡೀನ್, ಆಂಚೊವಿ ಎಂಬ ಸಣ್ಣ ಮೀನುಗಳು ಕಡಿಮೆಯಾಗಿವೆ. ಉಳಿದದ್ದಕ್ಕೆ ದೊಡ್ಡ ಬಲೆಗಳ ಪೈಪೋಟಿ. ನೆಲದ ಕಥೆಯೂ ಚೆನ್ನಾಗಿಲ್ಲ: ಗೂಡಿಗೆ ಬಿಲ ತೋಡಲು ಇದ್ದ ಹಕ್ಕಿಹಿಕ್ಕೆಯ ದಪ್ಪ ಪದರವನ್ನು 19ನೇ ಶತಮಾನದಲ್ಲೇ ಗೊಬ್ಬರಕ್ಕೆಂದು ಕೆರೆದೊಯ್ದರು. ಈಗ ಬಿಸಿಲಿಗೆ ಮೊಟ್ಟೆ ಬೇಯದಂತೆ ಕೃತಕ ಗೂಡು ಇಡುತ್ತಾರೆ. 2024ರಲ್ಲಿ ಈ ಹಕ್ಕಿ ಅಳಿವಿನ ತೀವ್ರ ಅಪಾಯದ ಪಟ್ಟಿಗೆ ಸೇರಿತು. ಉಳಿದಿರುವ ಜೋಡಿಗಳು 10,000ಕ್ಕಿಂತ ಕಡಿಮೆ. 2025ರ ಮಾರ್ಚ್‌ನಲ್ಲಿ ನ್ಯಾಯಾಲಯದ ಆದೇಶದಿಂದ ಪೆಂಗ್ವಿನ್‌ಗಳ ಆರು ನೆಲೆಗಳ ಸುತ್ತ 10 ವರ್ಷ ಸಾರ್ಡೀನ್, ಆಂಚೊವಿಗಳ ವಾಣಿಜ್ಯ ಬೇಟೆಗೆ ತಡೆ ಬಿತ್ತು. ನನ್ನ ಕೇಳಿದರೆ, ನಾವು ತಿನ್ನಿಸಿದ ಬಕೆಟ್‌ಗಟ್ಟಲೆ ಮೀನಿಗಿಂತ ಇದೇ ದೊಡ್ಡ ಕೆಲಸ.

ಬಿಡುಗಡೆಗೆ ಮುನ್ನ ತೂಕ, ರಕ್ತ, ಎಲ್ಲಕ್ಕಿಂತ ಗರಿಯ ಪರೀಕ್ಷೆ. ಕೊಳದಲ್ಲಿ ಈಜಿಸಿ, ಮೇಲೆತ್ತಿ, ಹೊಟ್ಟೆಯ ಗರಿ ಬಿಡಿಸಿ ಬುಡ ಮುಟ್ಟಿ ನೋಡುತ್ತಾರೆ. ಒಂದು ಕಡೆ ತೇವ ಸಿಕ್ಕರೂ ಆ ವಾರದ ಪಟ್ಟಿಯಿಂದ ಹೆಸರು ಹೊರಗೆ, ಮತ್ತೆ ಕೊಳಕ್ಕೆ.