ಚಿಯಾಂಗ್ ಮಾಯ್‌ನಲ್ಲಿ ಏನು ತಿನ್ನಬೇಕು, ಹೇಗೆ ಕೇಳಬೇಕು

ಉತ್ತರ ಥಾಯ್ಲೆಂಡ್ ಬಹುಕಾಲ ಲಾನ್ನಾ ಎಂಬ ಬೇರೆಯೇ ರಾಜ್ಯವಾಗಿತ್ತು. 1296ರಲ್ಲಿ ಕಟ್ಟಿದ ಚಿಯಾಂಗ್ ಮಾಯ್ ಅದರ ರಾಜಧಾನಿ. ಬ್ಯಾಂಕಾಕ್‌ನ ಸಿಹಿ, ತೆಂಗಿನಹಾಲಿನ ಗ್ರೇವಿಗಳನ್ನೇ ಇಲ್ಲಿ ಹುಡುಕಿದರೆ ನಿರಾಸೆಯಾಗುತ್ತದೆ. ಇಲ್ಲಿನ ಊಟದಲ್ಲಿ ಸಕ್ಕರೆ ಕಡಿಮೆ. ಸುಟ್ಟ ಮೆಣಸಿನಕಾಯಿಯ ಘಾಟು, ಕಹಿ ಸೊಪ್ಪು, ಹುದುಗಿದ ಸೋಯಾ ಇವೇ ಮುಂದು.

ಮೊದಲು ಅಂಟನ್ನ, ಅಂದರೆ ಖಾವ್ ನಿಯಾವ್. ರಾತ್ರಿಯಿಡೀ ನೆನೆಸಿ ಹಬೆಯಲ್ಲಿ ಬೇಯಿಸಿದ ಈ ಅನ್ನ ಮುಚ್ಚಳವಿರುವ ಬಿದಿರಿನ ಬುಟ್ಟಿಯಲ್ಲಿ ಬರುತ್ತದೆ. ಗಾಳಿಗೆ ಬಿಟ್ಟರೆ ಹತ್ತೇ ನಿಮಿಷದಲ್ಲಿ ಒಣಗಿ ಗಟ್ಟಿಯಾಗುವುದರಿಂದ ಪ್ರತಿ ಸಲವೂ ಮುಚ್ಚಿಡಿ. ನಿಂಬೆಹಣ್ಣಿಗಿಂತ ಚಿಕ್ಕ ತುತ್ತು ಕಿತ್ತು ಬೆರಳಲ್ಲೇ ಒತ್ತಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಮಾಡಿ, ಅದರಿಂದ ವ್ಯಂಜನವನ್ನು ಬಾಚಿಕೊಳ್ಳಿ. ಮುದ್ದೆಯಂತೆ ನುಂಗುವುದಲ್ಲ, ಅಗಿಯಬೇಕು. ಸಾರು ಸುರಿದು ಕಲಸಲು ಹೋಗಬೇಡಿ, ಈ ಅನ್ನ ಸಾರನ್ನು ಹೀರುವುದಿಲ್ಲ.

ಅದಕ್ಕೆ ಸರಿಜೋಡಿ ಸುಟ್ಟ ಹಸಿಮೆಣಸಿನಕಾಯಿ ಜಜ್ಜಿದ ನಾಮ್ ಪ್ರಿಕ್ ನುಮ್. ನಮ್ಮ ಕಡೆಯ ನಾಲಿಗೆಗೆ ಬೇಗ ಹಿಡಿಸುವುದೂ ಇದೇ, ಮನೆಯಲ್ಲಿ ಮಾಡುವುದೂ ಸುಲಭ. ಇಬ್ಬರಿಗೆ ಉದ್ದನೆಯ ಹಸಿಮೆಣಸಿನಕಾಯಿ 150 ಗ್ರಾಂ (ಊರಿಗೆ ಮರಳಿದ ಮೇಲಾದರೆ ಬಜ್ಜಿ ಮೆಣಸಿನಕಾಯಿ, ಖಾರ ಸಾಲದಿದ್ದರೆ ಎರಡು ಗಿಡ್ಡ ಮೆಣಸಿನಕಾಯಿ), ಆರು ಸಾಂಬಾರ್ ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ. ಎಲ್ಲವನ್ನೂ ಸಿಪ್ಪೆ ಸಮೇತ ಕೆಂಡದಲ್ಲಿ ಹೊರಗೆ ಕರಿಯಾಗಿ ಒಳಗೆ ಮೆತ್ತಗಾಗುವವರೆಗೆ ಸುಡಿ. ಸಿಪ್ಪೆ ಬಿಡಿಸುವಾಗ ನೀರಲ್ಲಿ ತೊಳೆದರೆ ಹೊಗೆಯ ವಾಸನೆಯೆಲ್ಲ ನೀರುಪಾಲು. ಮೊದಲು ಬೆಳ್ಳುಳ್ಳಿ, ಈರುಳ್ಳಿಯನ್ನು ಉಪ್ಪಿನೊಡನೆ ಕುಟ್ಟಿ, ಕೊನೆಗೆ ಮೆಣಸಿನಕಾಯಿ ಹಾಕಿ ನಾರು ಕಾಣುವಷ್ಟೇ ಜಜ್ಜಿ. ಮಿಕ್ಸಿಗೆ ಹಾಕಿದರೆ ನೀರುಬಿಟ್ಟ ಚಟ್ನಿಯಾಗುತ್ತದೆ, ಉಂಡೆಗೆ ಹಿಡಿಯುವುದಿಲ್ಲ. ಅಂಗಡಿಯದರಲ್ಲಿ ಮೀನಿನ ಸಾಸ್ ಇರುವುದೇ ಹೆಚ್ಚು. ಜೊತೆಗೆ ಬೇಯಿಸಿದ ತರಕಾರಿ ಕೇಳಿ. ಪಕ್ಕದಲ್ಲಿಡುವ ಗರಿಗರಿ ತುಂಡು ಹಪ್ಪಳದಂತೆ ಕಂಡರೂ ಅದು ಹಂದಿಚರ್ಮ, ಕೇಪ್ ಮೂ.

ಖಾವ್ ಸೋಯ್ ಚೀನಾದ ಯುನ್ನಾನ್‌ನಿಂದ ಬಂದ ಮುಸ್ಲಿಂ ವ್ಯಾಪಾರಿಗಳೊಡನೆ ತಳುಕು ಹಾಕಿಕೊಂಡ ತಿನಿಸು. ತೆಂಗಿನಹಾಲು ಇದರಲ್ಲಿ ಮಾತ್ರ ಧಾರಾಳ. ಮೊಟ್ಟೆ ಬೆರೆಸಿದ ನೂಡಲ್ಸ್, ಮೇಲೆ ಅದೇ ನೂಡಲ್ಸ್ ಕರಿದದ್ದು, ಕೋಳಿಯ ಕಾಲು. ಹಂದಿ ಬೇಡವೆನ್ನುವವರು ಬಾನ್ ಹೋ ಮಸೀದಿಯ ಬೀದಿಯ ಹಲಾಲ್ ಅಂಗಡಿಗಳಿಗೆ ಹೋಗಬಹುದು. ಆದರೆ ಅಲ್ಲಿ ದನದ ಮಾಂಸದ್ದೂ ಇರುತ್ತದೆ. ಕೋಳಿಗೆ ‘ಗಾಯ್’, ದನಕ್ಕೆ ‘ನೂಆ’, ಹಂದಿಗೆ ‘ಮೂ’. ಬಟ್ಟಲು ಬಂದೊಡನೆ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ, ಈರುಳ್ಳಿ, ನಿಂಬೆ, ಹುರಿದ ಮೆಣಸಿನ ಎಣ್ಣೆ ಎಲ್ಲವನ್ನೂ ಒಮ್ಮೆಗೇ ಸುರಿಯುವುದು ಹೊಸಬರ ತಪ್ಪು. ಮೊದಲು ಬರಿಯ ರಸ ಕುಡಿದು ನೋಡಿ, ಅರ್ಧ ನಿಂಬೆ ಹಿಂಡಿ, ಮೆಣಸಿನ ಎಣ್ಣೆ ಕಾಲು ಚಮಚದಿಂದ ಶುರುಮಾಡಿ. ಇದು ಮಧ್ಯಾಹ್ನದ ಊಟ. ಹೆಸರಾದ ಅಂಗಡಿಗಳು ಹಲವು ಸಂಜೆಗೆ ಮೊದಲೇ ಬಾಗಿಲು ಹಾಕುತ್ತವೆ, ಸಂಜೆಗೆಂದು ಇಟ್ಟುಕೊಳ್ಳಬೇಡಿ.

ಸಾಯ್ ಉಆ ಎಂದರೆ ಮಜ್ಜಿಗೆ ಹುಲ್ಲು, ಅರಿಸಿನ, ಕಾಡುನಿಂಬೆಯ ಎಲೆ ಬೆರೆಸಿ ಸುಟ್ಟ ಹಂದಿ ಸಾಸೇಜ್. ವಾರೋರೋಟ್ ಮಾರುಕಟ್ಟೆಯಲ್ಲಿ ತೂಕಕ್ಕೆ ಕೊಡುತ್ತಾರೆ. ಒಂದು ‘ಖೀಟ್’ ಅಂದರೆ 100 ಗ್ರಾಂ, ಇಬ್ಬರಿಗೆ ಸಾಕು. ಬರ್ಮಾ ಮೂಲದ ಹಂದಿಮಾಂಸದ ಗ್ರೇವಿ ಗೇಂಗ್ ಹಾಂಗ್ ಲೇಯಲ್ಲಿ ಶುಂಠಿ, ಹುಣಸೆ, ಮಸಾಲೆಪುಡಿ ಇರುವುದರಿಂದ ಹಂದಿ ತಿನ್ನುವವರಿಗೆ ಮನೆಯ ರುಚಿ ಎನಿಸೀತು. ಖನೋಮ್ ಜೀನ್ ನಾಮ್ ಙಿಯಾವ್ ಎಂಬ ಅಕ್ಕಿ ಶ್ಯಾವಿಗೆಯ ಟೊಮೇಟೊ ಸಾರಿಗೆ ಒಣಗಿಸಿದ ಕೆಂಬೂರುಗದ ಹೂವು ಬೀಳುತ್ತದೆ. ಅದರಲ್ಲೇ ತೇಲುವ ಕಂದು ತುಂಡುಗಳು ಹೆಪ್ಪುಗಟ್ಟಿಸಿದ ರಕ್ತ. ಬೇಡವಾದರೆ ‘ಮಾಯ್ ಸಾಯ್ ಲೂಆಟ್’ ಎನ್ನಿ.

ಕೊಚ್ಚಿದ ಮಾಂಸದ ತಿನಿಸಾದ ಲಾಬ್ ವಿಷಯದಲ್ಲಿ ಮಾತ್ರ ಎಚ್ಚರ. ಈಶಾನ್ಯದ ಇಸಾನ್ ಲಾಬ್‌ನಲ್ಲಿರುವ ನಿಂಬೆಹುಳಿ ಇದರಲ್ಲಿಲ್ಲ. ಒಣ ಮಸಾಲೆ, ಅದರಲ್ಲೂ ನಾಲಿಗೆ ಜುಮ್ಮೆನಿಸುವ ಮಾಖ್ವೇನ್. ನಮ್ಮ ಕರಾವಳಿಯ ಜುಮ್ಮನಕಾಯಿಯ ಹತ್ತಿರದ ಬಳಗ ಅದು. ‘ಲಾಬ್ ದಿಪ್’ ಅಂದರೆ ಹಸಿ ಮಾಂಸ. ಹಸಿ ಹಂದಿಮಾಂಸ, ರಕ್ತದಿಂದ ಹರಡುವ ಸ್ಟ್ರೆಪ್ಟೊಕಾಕಸ್ ಸೂಯಿಸ್ ಸೋಂಕು ಮೆದುಳುಪೊರೆಗೆ ತಗುಲಿ ಶಾಶ್ವತ ಕಿವುಡುತನ ತರಬಲ್ಲದು. ‘ಲಾಬ್ ಖುಆ’ ಎಂದೇ ಕೇಳಿ, ಅದು ಬಾಣಲೆಯಲ್ಲಿ ಹುರಿದದ್ದು.

ಸಸ್ಯಾಹಾರಿಗಳಿಗೆ ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಸಾಲದು, ಮೀನಿನ ಸಾಸ್ (ನಾಮ್ ಪ್ಲಾ), ಸಿಗಡಿ ಪೇಸ್ಟ್ (ಕಪಿ) ಉಳಿದೇ ಇರುತ್ತವೆ. ಹಲಸಿನ ಗುಜ್ಜೆಯ ಗೇಂಗ್ ಖನೂನ್ ನೋಡಿ ಮೋಸಹೋಗಬೇಡಿ, ಅದರಲ್ಲೂ ಸಾಮಾನ್ಯವಾಗಿ ಹಂದಿಯ ಎಲುಬಿರುತ್ತದೆ. ‘ಕಿನ್ ಜೇ’ ಎನ್ನಿ: ಮಾಂಸ, ಮೀನು, ಮೊಟ್ಟೆ, ಹಾಲು, ಬೆಳ್ಳುಳ್ಳಿ, ಈರುಳ್ಳಿ ಯಾವುದೂ ಇಲ್ಲ ಎಂದರ್ಥ. ಹಳದಿ ಬಾವುಟದ ಮೇಲೆ 17ರಂತೆ ಕಾಣುವ ಕೆಂಪು ಅಕ್ಷರವಿರುವ ಅಂಗಡಿಗಳು ಈ ಜೇ ಊಟದವೇ. ಅಲ್ಲಿ ಖಾವ್ ಸೋಯ್ ಜೇ ಸಿಕ್ಕರೆ ಬಿಡಬೇಡಿ. ಬೇರೆ ಕಡೆಯಾದರೆ ‘ಮಾಯ್ ಸಾಯ್ ನಾಮ್ ಪ್ಲಾ, ಮಾಯ್ ಸಾಯ್ ಕಪಿ’ ಎರಡನ್ನೂ ಹೇಳಿ. ಆದರೆ ಮೊದಲೇ ಅರೆದಿಟ್ಟ ಮಸಾಲೆಯಿಂದ ಕಪಿಯನ್ನು ತೆಗೆಯಲಾಗದು. ಅಡುಗೆಯವರು ತಲೆಯಾಡಿಸಿ ‘ಮಾಯ್ ದಾಯ್’ ಎಂದರೆ ಆಗುವುದಿಲ್ಲವೆಂದು, ಒತ್ತಾಯಿಸದೆ ಮುಂದಿನ ಅಂಗಡಿಗೆ ನಡೆಯಿರಿ.