ಪೈಲಟ್ ಹೊತ್ತಿತಾ? ನಾಬ್ ಬಿಡಬೇಡಿ

ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳ ಮಳೆ ಹಿಡಿದರೆ ಮಡಿಕೇರಿ ಕಡೆ ಮೂಲೆ ಸೇರಿದ್ದ ಗ್ಯಾಸ್ ರೂಮ್ ಹೀಟರ್‌ಗಳೆಲ್ಲ ಹೊರಗೆ ಬರುತ್ತವೆ. ಹಚ್ಚುವಾಗ ಎಲ್ಲರದೂ ಒಂದೇ ಎಡವಟ್ಟು. ಪೈಲಟ್ ಅನ್ನುವ ಸಣ್ಣ ಉರಿ ಕಂಡ ಕೂಡಲೇ ನಾಬ್‌ನಿಂದ ಕೈ ತೆಗೆಯುತ್ತಾರೆ. ಉರಿ ಆರುತ್ತದೆ. ಆಮೇಲೆ ಹೀಟರ್‌ಗೆ ಬೈಗುಳ.

ಮೊದಲು ಕಿಟಕಿ ಸ್ವಲ್ಪ ತೆರೆಯಿರಿ. ರೆಗ್ಯುಲೇಟರ್ ಆನ್ ಮಾಡಿ, ನೆಲದ ಹತ್ತಿರ ಬಗ್ಗಿ ಮೂಸಿ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೇ ನಿಲ್ಲುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ತೆರೆದು ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ.

ನಾಬ್ ಅನ್ನು ಪೈಲಟ್ ಗುರುತಿಗೆ ತಿರುಗಿಸಿ, ಒತ್ತಿ ಹಿಡಿದು ಕಿಡಿ ಹೊಡೆಯಿರಿ. ಇದಕ್ಕೆ ಬ್ಯಾಟರಿ ಬೇಡ. ಒಳಗೊಂದು ಪುಟ್ಟ ಸುತ್ತಿಗೆ ಹರಳಿಗೆ ಬಡಿಯುತ್ತದೆ, ಕಿಡಿ ಹಾರುತ್ತದೆ. ತಿಂಗಳುಗಟ್ಟಲೆ ನಿಂತ ಹೀಟರ್‌ನ ಪೈಪಿನಲ್ಲಿ ಗಾಳಿ ತುಂಬಿರುತ್ತದೆ, ಮೊದಲ ಸಲ ತಡ ಆಗುತ್ತದೆ. ಹೊತ್ತಲೇ ಇಲ್ಲವಾ? ನಾಬ್ ಆಫ್ ಮಾಡಿ ಐದು ನಿಮಿಷ ಕಾಯಿರಿ. ಸುಮ್ನೆ ಟಕ್ ಟಕ್ ಅನ್ನಿಸುತ್ತಾ ಗ್ಯಾಸ್ ತುಂಬಿಸಬೇಡಿ.

ಹೊತ್ತಿತು ಅಂದುಕೊಳ್ಳಿ. ಈಗ ಕೈ ತೆಗೆಯಬಾರದು. ಉರಿಯ ಪಕ್ಕದಲ್ಲಿ ಪೆನ್ಸಿಲ್ ತುದಿಯಂಥ ಒಂದು ಕಡ್ಡಿ ಇದೆ ನೋಡಿ, ಅದು ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹ ಬೆಸೆದಿರುತ್ತಾರೆ. ತುದಿ ಕಾದರೆ ಸುಮಾರು 20ರಿಂದ 30 ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ. ಟಾರ್ಚ್ ಬಲ್ಬ್ ಉರಿಸಲೂ ಸಾಲದು. ಆದರೆ ಗ್ಯಾಸ್ ವಾಲ್ವಿನೊಳಗಿನ ಪುಟ್ಟ ಅಯಸ್ಕಾಂತಕ್ಕೆ ಅಷ್ಟೇ ಸಾಕು. ವಾಲ್ವನ್ನು ತೆರೆಯುವ ಶಕ್ತಿ ಅದಕ್ಕಿಲ್ಲ, ತೆರೆದದ್ದನ್ನು ಹಿಡಿದುಕೊಳ್ಳುತ್ತದೆ ಅಷ್ಟೆ. ತೆರೆಯುವ ಕೆಲಸ ನಿಮ್ಮ ಹೆಬ್ಬೆರಳಿನದು. ಹಾಗಾಗಿ ಉರಿ ಬಂದ ಮೇಲೂ 30 ಸೆಕೆಂಡ್ ಒತ್ತಿ ಹಿಡಿಯಿರಿ. 20 ಸಾಕು ಅನ್ನುವವರಿದ್ದಾರೆ, ನಾನು 30ರ ಪಕ್ಷ. ಆಮೇಲೆ ಮೆಲ್ಲಗೆ ಬಿಡಿ. ಉರಿ ಆರದೆ ಉಳಿದರೆ ನಾಬ್ ಅನ್ನು ಬೇಕಾದ ಕಾವಿಗೆ ತಿರುಗಿಸಿ, ಮುಗಿಯಿತು.

ಎಷ್ಟು ಹಿಡಿದರೂ ಉರಿ ಉಳಿಯದಿದ್ದರೆ ಅದರ ಬಣ್ಣ ನೋಡಿ. ನೀಲಿಯಾಗಿ ಕಡ್ಡಿಯ ತುದಿಯನ್ನು ಸುತ್ತಿಕೊಂಡಿರಬೇಕು. ಹಳದಿಯಾಗಿ ತೂಗಾಡುತ್ತಿದ್ದರೆ ಪೈಲಟ್‌ನ ತೂತಿನಲ್ಲಿ ಕಸ ಸೇರಿದೆ. ನಮ್ಮಲ್ಲಿ ಹೆಚ್ಚಾಗಿ ಜೇಡರ ಬಲೆ. ಪಿನ್ನು ಚುಚ್ಚಿದರೆ ತೂತು ದೊಡ್ಡದಾಗುತ್ತದೆ, ರಿಪೇರಿಯವರಿಗೆ ಕೊಡಿ.

ಕೆಲವರು ನಾಬ್‌ಗೆ ರಬ್ಬರ್ ಬ್ಯಾಂಡ್ ಸುತ್ತಿ ಒತ್ತಿಡುತ್ತಾರೆ. ಉರಿ ಆರಿದರೂ ಗ್ಯಾಸ್ ಬರುತ್ತಲೇ ಇರುತ್ತದೆ! ಹೀಟರ್ ಮೇಲೆ ಒದ್ದೆ ಬಟ್ಟೆ ಹರವುವವರ ಬಗ್ಗೆ ಹೇಳುವುದೇ ಬೇಡ.

ಇನ್ನೊಂದು. ಚೆನ್ನಾಗಿ ಉರಿಯುತ್ತಿದ್ದ ಹೀಟರ್ ಮುಚ್ಚಿದ ಕೋಣೆಯಲ್ಲಿ ತಾನೇ ಆರಿದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಗಾಳಿಯಲ್ಲಿ ಆಮ್ಲಜನಕ ಶೇ 21ರಿಂದ ಶೇ 18ರ ಹತ್ತಿರಕ್ಕೆ ಇಳಿದರೆ ಪೈಲಟ್ ಉರಿ ಕಡ್ಡಿಯಿಂದ ದೂರ ಸರಿಯುವ ಹಾಗೆ ಕೆಲವು ಹೀಟರ್‌ಗಳನ್ನು ಮಾಡಿರುತ್ತಾರೆ. ಕಡ್ಡಿ ತಣ್ಣಗಾಗಿ ಗ್ಯಾಸ್ ನಿಲ್ಲುತ್ತದೆ. ಕೊಳ್ಳುವಾಗ ಈ ಸೌಲಭ್ಯ ಇದೆಯಾ ಕೇಳಿ. ಇಲ್ಲ ಅಂದರೆ ಎಷ್ಟೇ ಅಗ್ಗ ಆದರೂ ಬೇಡ.