ಖಾಲಿ ಬಿಟ್ಟ ಗೋಡೆ: ನನ್ನ ಅನುಭವ

ಪ್ರದರ್ಶನ ಉದ್ಘಾಟನೆಯಾಗುವ ದಿನ ಗ್ಯಾಲರಿಯ ನಾಲ್ಕು ಗೋಡೆಗಳಲ್ಲಿ ಒಂದನ್ನು ಪೂರ್ತಿಯಾಗಿ ಖಾಲಿ ಬಿಡೋಣ, ಮುಂದಿನ ಆರು ವಾರಗಳಲ್ಲಿ ಸುತ್ತಮುತ್ತಲಿನ ಜನರೇ ಅದನ್ನು ತುಂಬಲಿ ಎಂದು ನಾನು ಹೇಳಿದಾಗ ನಮ್ಮ ಕಲಾಕೇಂದ್ರದ ಸಮಿತಿಯಲ್ಲಿ ಒಬ್ಬರೂ ಒಪ್ಪಲಿಲ್ಲ. ತಮ್ಮ ಕೃತಿಗಳ ಪಕ್ಕದಲ್ಲಿ ಹವ್ಯಾಸಿಗಳ ಚಿತ್ರ ತೂಗಿದರೆ ಕೊಳ್ಳುವವರ ಕಣ್ಣಿನಲ್ಲಿ ತಮ್ಮ ಬೆಲೆ ಇಳಿಯುತ್ತದೆ ಎಂದು ಹಿರಿಯ ಕಲಾವಿದರೊಬ್ಬರು ನೇರವಾಗಿಯೇ ಹೇಳಿದರು. ಖಾಲಿ ಗೋಡೆಗೆ ಪ್ರಾಯೋಜಕರನ್ನು ಎಲ್ಲಿಂದ ತರುತ್ತೀರಿ ಎಂಬುದು ಖಜಾಂಚಿಯವರ ಪ್ರಶ್ನೆಯಾಗಿತ್ತು. ಆದರೂ ಮಾಡಿ ನೋಡಿದೆ, ಎರಡು ಬಾರಿ ಚೆನ್ನಾಗಿಯೇ ಸೋತೆ. ಮೂರನೆಯ ಬಾರಿ ಅದು ಕೈಹಿಡಿಯಿತು. ಆ ಬಳಿಕ ನಾಲ್ಕು ಪ್ರದರ್ಶನಗಳನ್ನು ಇದೇ ಕ್ರಮದಲ್ಲಿ ನಡೆಸಿದ್ದರಿಂದ ಈಗ ಬರೆಯುವ ಧೈರ್ಯ ಬಂದಿದೆ.

ಮೊದಲಿನ ಸ್ಥಿತಿ ನಿಮಗೆಲ್ಲ ಪರಿಚಿತವೇ. ವರ್ಷಕ್ಕೆ ಹತ್ತು ಹನ್ನೆರಡು ಪ್ರದರ್ಶನಗಳು, ಒಂದೊಂದಕ್ಕೂ ಎರಡು ವಾರ. ಸಮುದಾಯ ಕಾರ್ಯಕ್ರಮಗಳೆಂದು ಕರೆಯುತ್ತಿದ್ದ ಕಾರ್ಯಾಗಾರಗಳೆಲ್ಲ ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದವು, ಅಲ್ಲಿಗೆ ಬಂದವರು ಗ್ಯಾಲರಿಗೆ ಕಾಲಿಡದೆಯೇ ಹಿಂಬಾಗಿಲಿನಿಂದ ಮನೆಗೆ ಹೋಗುತ್ತಿದ್ದರು. ಒಂದು ಪ್ರದರ್ಶನಕ್ಕೆ ಸುಮಾರು ನಾನೂರು ಜನ ಬಂದರೆ ಅವರಲ್ಲಿ ಮುನ್ನೂರು ಮಂದಿ ಉದ್ಘಾಟನೆಯ ಸಂಜೆಯವರೇ ಆಗಿರುತ್ತಿದ್ದರು. ಉಳಿದ ಹದಿಮೂರು ದಿನ ಕಾವಲುಗಾರರು ಮತ್ತು ಬೆಳಕು ಇಬ್ಬರೇ ಚಿತ್ರಗಳನ್ನು ನೋಡುತ್ತಿದ್ದರೆನ್ನಬೇಕು. ಖರ್ಚಿನಲ್ಲಿ ಅರ್ಧದಷ್ಟು ಫ್ರೇಮು ಮತ್ತು ಸಾಗಣೆಗೆ, ಕಾಲುಭಾಗ ಉದ್ಘಾಟನಾ ಸಮಾರಂಭಕ್ಕೆ ಮತ್ತು ಆಹ್ವಾನ ಪತ್ರಿಕೆಗಳಿಗೆ ಹೋಗುತ್ತಿತ್ತು; ಸಮುದಾಯ ಕಾರ್ಯಕ್ರಮಗಳಿಗೆ ದೊರೆಯುತ್ತಿದ್ದುದು ಇಪ್ಪತ್ತರಲ್ಲಿ ಒಂದು ಪಾಲು ಇದ್ದರೆ ಹೆಚ್ಚು.

ಮೊದಲ ಸೋಲಿಗೆ ನನ್ನ ಜಿಪುಣತನವೇ ಕಾರಣ. ಶನಿವಾರದ ಕಾರ್ಯಾಗಾರದಲ್ಲಿ ಬಂದವರು ಬರೆದ ಚಿತ್ರಗಳನ್ನು ಪಿನ್ನು ಮತ್ತು ಟೇಪಿನಿಂದ ಗೋಡೆಗೆ ಅಂಟಿಸಿದೆ. ಎರಡನೆಯ ವಾರಕ್ಕೆ ಕಾಗದದ ಮೂಲೆಗಳು ಸುರುಳಿಯಾದವು, ಮೂರನೆಯ ವಾರಕ್ಕೆ ಆ ಗೋಡೆ ಶಾಲಾ ವಾರ್ಷಿಕೋತ್ಸವದ ಫಲಕದಂತೆ ಕಾಣತೊಡಗಿತು. ಬಂದವರು ಮೂರು ಗೋಡೆಗಳನ್ನು ನೋಡಿ ನಾಲ್ಕನೆಯದರ ಮುಂದೆ ನಡಿಗೆಯ ವೇಗ ಹೆಚ್ಚಿಸುತ್ತಿದ್ದರು. ಅದಕ್ಕಿಂತ ನೋವಾಗಿದ್ದು, ಚಿತ್ರ ಬರೆದವರೇ ಅದನ್ನು ನೋಡಲು ಮನೆಯವರನ್ನು ಕರೆತರಲಿಲ್ಲ.

ಎರಡನೆಯ ಬಾರಿ ಸೈನೋಟೈಪ್ ಮಾಡಿಸಿದೆ. ಬೆಳಕಿಗೆ ಬಣ್ಣ ಬದಲಿಸುವ ರಾಸಾಯನಿಕ ಬಳಿದ ಕಾಗದದ ಮೇಲೆ ಎಲೆಯೋ ಲೇಸೋ ಇಟ್ಟು ಬಿಸಿಲಿಗೆ ಹಿಡಿದು ನೀರಿನಲ್ಲಿ ತೊಳೆದರೆ ಎಂಥವರ ಕೈಯಲ್ಲೂ ಚಂದದ ನೀಲಿ ಮೂಡುತ್ತದೆ ಎಂಬ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೆ ಆರು ಶನಿವಾರಗಳಲ್ಲಿ ಮೂರು ದಿನ ಮೋಡ ಕವಿದಿತ್ತು. ಬಿಸಿಲಿನ ಬದಲಿಗೆ ಯುವಿ (ಅತಿನೇರಳೆ) ದೀಪವನ್ನು ಬಾಡಿಗೆಗೆ ತರುವ ವೇಳೆಗೆ ಅರ್ಧ ಜನ ಮನೆ ಸೇರಿದ್ದರು. ಪ್ರವೇಶ ಉಚಿತವೆಂದು ಘೋಷಿಸಿದ್ದು ಇನ್ನೊಂದು ತಪ್ಪು. ಇಪ್ಪತ್ತೈದು ಮಂದಿ ಹೆಸರು ನೋಂದಾಯಿಸಿದರೆ ಬರುತ್ತಿದ್ದವರು ಹನ್ನೆರಡೋ ಹದಿಮೂರೋ, ಸಾಮಗ್ರಿ ಮಾತ್ರ ಇಪ್ಪತ್ತೈದು ಜನರಿಗೆ ಆಗುವಷ್ಟು ಖರೀದಿಯಾಗಿರುತ್ತಿತ್ತು. ಈಗ ಒಂದು ಸಣ್ಣ ಠೇವಣಿ ಪಡೆದು, ಬಂದ ದಿನವೇ ಬಾಗಿಲಲ್ಲಿ ಹಿಂದಿರುಗಿಸುತ್ತೇನೆ. ಗೈರುಹಾಜರಿ ಇಪ್ಪತ್ತೈದಕ್ಕೆ ಮೂರು ನಾಲ್ಕಕ್ಕೆ ಇಳಿದಿದೆ. ಠೇವಣಿ ಕೊಡಲಾಗದವರಿಗಾಗಿ ನಾನು ಮಾಡಿರುವ ಏರ್ಪಾಡನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಅದು ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ.

ಮೂರನೆಯ ಬಾರಿ ಉದ್ಘಾಟನಾ ಸಮಾರಂಭವನ್ನೇ ಕೈಬಿಟ್ಟು, ಆ ಹಣದಲ್ಲಿ ಒಂದೇ ಅಳತೆಯ ಮೂವತ್ತು ಫ್ರೇಮುಗಳನ್ನು ಮಾಡಿಸಿದೆ. ಒಳಗೆ ಎ3 ಕಾಗದ, ಸುತ್ತ ಬಿಳಿಯ ಮೌಂಟ್ ಅಂದರೆ ದಪ್ಪ ರಟ್ಟಿನ ಅಂಚು, ಹಿಂದೆ ತೂಗುಹಾಕಲು ಡಿ ರಿಂಗ್. ಚಿತ್ರ ಬದಲಾದರೂ ಫ್ರೇಮು ಅದೇ ಇರುವುದರಿಂದ ಐದು ಪ್ರದರ್ಶನಗಳಿಗೆ ಅವೇ ಸಾಕಾಗಿವೆ. ಒಡೆದ ಗಾಜು ನಾಲ್ಕೋ ಐದೋ ಇರಬಹುದು. ಫ್ರೇಮನ್ನು ಗೋಡೆಯಿಂದ ಇಳಿಸದೆಯೇ ಹಿಂಬದಿಯ ಹಲಗೆಯನ್ನು ಒಂದು ನಿಮಿಷದಲ್ಲಿ ಬದಲಿಸುವ ಉಪಾಯವನ್ನು ನಮ್ಮ ಬಡಗಿಯವರು ಕಂಡುಹಿಡಿದರು, ಅದು ಅವರ ಗುಟ್ಟು. ಕಲಾವಿದರ ಕೃತಿಗೂ ಜನರ ಕೃತಿಗೂ ಒಂದೇ ವಿನ್ಯಾಸದ ಲೇಬಲ್, ಒಂದೇ ಎತ್ತರ. ನೆಲದಿಂದ ಚಿತ್ರದ ನಡುಭಾಗಕ್ಕೆ ಇರುವ ಎತ್ತರವನ್ನು, ಅಂದರೆ ವಾಡಿಕೆಯ 150 ಸೆಂಟಿಮೀಟರ್ ಮಧ್ಯರೇಖೆಯನ್ನು ಇಡೀ ಸಭಾಂಗಣದಲ್ಲಿ 140ಕ್ಕೆ ಇಳಿಸಿದೆ, ಗಾಲಿಕುರ್ಚಿಯಲ್ಲಿ ಬರುವವರಿಗೂ ಮಕ್ಕಳಿಗೂ ಅದು ಹಿತವಾಯಿತು. ಎತ್ತರದ ಕಲಾವಿದರೊಬ್ಬರು ಮಾತ್ರ ಇಂದಿಗೂ ಗೊಣಗುತ್ತಾರೆ.

ಬೆಳಕಿನ ವಿಷಯದಲ್ಲಿ ಪಟ್ಟ ಪಾಡು ಹೇಳಲೇಬೇಕು. ಕೃತಿಗಳು ಬೆಳಕಿಗೆ ಮಾಸದಿರಲು ಕಾಗದದ ಕೃತಿಗಳಿಗೆ 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ), ತೈಲಚಿತ್ರಗಳಿಗೆ 200 ಲಕ್ಸ್ ಎಂಬ ನಿಯಮವನ್ನು ಅಕ್ಷರಶಃ ಪಾಲಿಸಿದಾಗ, ಉಜ್ವಲವಾದ ತೈಲಚಿತ್ರಗಳ ಪಕ್ಕದಲ್ಲಿ ಜನರ ಗೋಡೆ ಕತ್ತಲೆಯ ಮೂಲೆಯಂತೆ ಕಂಡಿತು, ನಮ್ಮ ಚಿತ್ರಗಳಿಗೆ ದೀಪ ಕೂಡ ಹಾಕಿಲ್ಲ ಎಂದು ಒಬ್ಬ ಅಜ್ಜಿ ಬೇಸರಪಟ್ಟುಕೊಂಡರು. ಜನರ ಗೋಡೆಯ ಬೆಳಕನ್ನು ಏರಿಸುವ ಬದಲು ತೈಲಚಿತ್ರಗಳ ಬೆಳಕನ್ನು ಇಳಿಸಿದೆ. ಪ್ರವೇಶದ ಬಳಿ 150, ನಡುವೆ 100, ಕೊನೆಯಲ್ಲಿರುವ ಜನರ ಗೋಡೆಗೆ 50 ಲಕ್ಸ್ ಬರುವಂತೆ ಸ್ಪಾಟ್‌ಲೈಟ್‌ಗಳನ್ನು ಹೊಂದಿಸಿದರೆ, ನಡೆದು ಬರುವಷ್ಟರಲ್ಲಿ ಕಣ್ಣು ಹೊಂದಿಕೊಂಡಿರುತ್ತದೆ ಮತ್ತು ಕೊನೆಯ ಗೋಡೆ ಮಂಕೆನಿಸುವುದಿಲ್ಲ. ಇದಕ್ಕೆ ಎರಡು ರಾತ್ರಿಗಳು ಮತ್ತು ಒಂದು ಏಣಿ ಬೇಕಾದವು, ಹಣ ಬೇಕಾಗಲಿಲ್ಲ.

ಕಾರ್ಯಾಗಾರದ ನಿಯಮ ಒಂದೇ: ಬಂದವರು ಮೊದಲು ಪ್ರದರ್ಶನದ ಒಂದು ಕೃತಿಯನ್ನು ಆರಿಸಿಕೊಂಡು ಅದರ ಮುಂದೆ ಇಪ್ಪತ್ತು ನಿಮಿಷ ಕುಳಿತುಕೊಳ್ಳಬೇಕು, ಬಳಿಕವೇ ಬಣ್ಣ ಮುಟ್ಟಬೇಕು. ಚಿತ್ರವನ್ನು ಗುಂಪಿನಲ್ಲಿ ನೋಡಿ ಚರ್ಚಿಸಲು ಮನೋವಿಜ್ಞಾನಿ ಅಬಿಗೇಲ್ ಹೌಸೆನ್ ಮತ್ತು ಮ್ಯೂಸಿಯಂ ಶಿಕ್ಷಣತಜ್ಞ ಫಿಲಿಪ್ ಯೆನವೈನ್ ರೂಪಿಸಿದ ಮೂರು ಪ್ರಶ್ನೆಗಳ ಕ್ರಮವನ್ನೇ ಬಳಸುತ್ತೇನೆ, ಆದರೆ ಒಂದು ಬದಲಾವಣೆಯೊಂದಿಗೆ. ಈ ಚಿತ್ರದಲ್ಲಿ ಏನು ನಡೆಯುತ್ತಿದೆ ಎಂಬ ಮೊದಲ ಪ್ರಶ್ನೆಗೆ ಗುಂಪಿನಲ್ಲಿ ಜೋರು ದನಿಯ ಇಬ್ಬರೇ ಉತ್ತರಿಸುತ್ತಿದ್ದುದರಿಂದ, ಎಲ್ಲರೂ ಅದನ್ನು ಚೀಟಿಯಲ್ಲಿ ಬರೆದುಕೊಂಡ ಬಳಿಕವೇ ಮಾತು ಆರಂಭಿಸುತ್ತೇವೆ. ಆ ಚೀಟಿಗಳಿಂದಲೇ ಲೇಬಲ್‌ಗಳನ್ನು ತಯಾರಿಸಿದ್ದು ಅನಿರೀಕ್ಷಿತ ಲಾಭ. ನಾನು ಬರೆಯುತ್ತಿದ್ದ ನೂರೈವತ್ತು ಪದಗಳ ಟಿಪ್ಪಣಿಯನ್ನು ಯಾರೂ ಓದುತ್ತಿರಲಿಲ್ಲ. ನೋಡುಗರ ನಲವತ್ತು ಪದಗಳನ್ನು ಮಾತ್ರ ಕಲಾವಿದರೂ ನಿಂತು ಓದಿದರು. ಬೆಲೆ ಇಳಿಯುತ್ತದೆ ಎಂದಿದ್ದ ಹಿರಿಯರು ಒಪ್ಪಿದ್ದು ಸಹ ಇಲ್ಲಿಯೇ. ತಮ್ಮ ಒಂದು ಕ್ಯಾನ್‌ವಾಸಿನ ಮುಂದೆ ಹನ್ನೊಂದು ಜನ ಇಪ್ಪತ್ತು ನಿಮಿಷ ಮೌನವಾಗಿ ಕುಳಿತಿದ್ದನ್ನು ಅವರು ಬಾಗಿಲ ಮರೆಯಿಂದ ನೋಡಿದ್ದರು.

ನಡುವೆ ಸೈನೋಟೈಪ್‌ಗೆ ಮತ್ತೆ ಕೈಹಾಕಿ ಒಂದು ಪಾಠ ಕಲಿತೆ. ಒಳ್ಳೆಯ ಮೌಂಟ್ ಬೋರ್ಡ್ ಎಂದು ಹೆಚ್ಚು ಹಣ ತೆತ್ತು ತಂದದ್ದು ಕ್ಷಾರ ಬೆರೆಸಿದ ಬೋರ್ಡ್ ಆಗಿತ್ತು. ಬೇರೆ ಕಾಗದದ ಕೃತಿಗಳಿಗೆ ಉತ್ತಮವಾದ ಅದೇ ಬೋರ್ಡು ಈ ನೀಲಿಗೆ ಶತ್ರು ಎಂಬುದು ಫ್ರೇಮು ಹಾಕುವ ಹಿಂದಿನ ದಿನ ಸಂರಕ್ಷಣಾ ತಜ್ಞರೊಬ್ಬರ ಬಾಯಿಂದ ತಿಳಿದು, ಕ್ಷಾರವಿಲ್ಲದ ಬೋರ್ಡನ್ನು ಪುನಃ ಕೊಂಡೆ. ಬೆಳಕಿಗೆ ಮಂಕಾದ ನೀಲಿ ಕತ್ತಲೆಯಲ್ಲಿ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಪರೀಕ್ಷಿಸಲು ಕಿಟಕಿಯ ಬಳಿ ಒಂದು ತಿಂಗಳು ತೂಗಿದ್ದ ಮುದ್ರಣವೊಂದನ್ನು ಫ್ರೇಮಿನಿಂದ ತೆಗೆದು, ಗಾಳಿಯಾಡುವಂತೆ ಡ್ರಾಯರಿನಲ್ಲಿ ಮಲಗಿಸಿದೆ. ಮೂರು ವಾರಗಳ ಬಳಿಕ ತೆಗೆದಾಗ ಬಣ್ಣ ಬಹುಪಾಲು ಮರಳಿತ್ತು. ಈಗ ಆ ಗೋಡೆಯ ನೀಲಿ ಚಿತ್ರಗಳನ್ನು ಎರಡು ಸರದಿಗಳಲ್ಲಿ ತೂಗುತ್ತೇನೆ, ಒಂದು ಸರದಿಗೆ ವಿಶ್ರಾಂತಿ.

ಲೆಕ್ಕ ಹೀಗಿದೆ. ಪ್ರದರ್ಶನಗಳು ವರ್ಷಕ್ಕೆ ಹನ್ನೆರಡರಿಂದ ಐದಕ್ಕೆ ಇಳಿದವು, ಸಾಗಣೆಯ ಖರ್ಚು ಅರ್ಧಕ್ಕಿಂತ ಕಡಿಮೆಯಾಯಿತು. ಒಂದು ಪ್ರದರ್ಶನಕ್ಕೆ ಬರುವವರು ಈಗ ಸಾವಿರದ ಆಸುಪಾಸು. ಬಾಗಿಲಲ್ಲಿ ಇಟ್ಟಿರುವ ಹಾಳೆಗೆ ಮೊದಲ ಬಾರಿ ಬಂದವರು ಹಳದಿ ಚುಕ್ಕೆಯನ್ನೂ ಮತ್ತೆ ಬಂದವರು ಕೆಂಪು ಚುಕ್ಕೆಯನ್ನೂ ಅಂಟಿಸುತ್ತಾರೆ. ಮೂರರಲ್ಲಿ ಒಂದು ಕೆಂಪಾಗಿರುತ್ತದೆ, ತಮ್ಮ ಚಿತ್ರ ಗೋಡೆಗೆ ಏರಿದ ವಾರ ಮನೆಮಂದಿಯನ್ನೆಲ್ಲ ಕರೆತರುವವರೇ ಇದಕ್ಕೆ ಕಾರಣ. ಕಲಾವಿದರ ಕೃತಿಗಳ ಮಾರಾಟ ಇಳಿಯಲಿಲ್ಲ, ಏರಿತು ಎಂದು ಹೇಳುವಷ್ಟೂ ಏರಲಿಲ್ಲ. ಒಂದೆರಡು ಕೃತಿಗಳು ಹೆಚ್ಚಿಗೆ ಹೋದದ್ದು ಪ್ರದರ್ಶನ ಆರು ವಾರ ಇದ್ದುದರಿಂದಲೂ ಇರಬಹುದು. ಖಜಾಂಚಿಯವರು ಈ ವರ್ಷ ಕಾರ್ಯಾಗಾರಗಳಿಗೆ ಒಟ್ಟು ಖರ್ಚಿನ ಕಾಲುಭಾಗವನ್ನು ತಾವಾಗಿಯೇ ಬರೆದಿದ್ದಾರೆ.

ಮುಂದಿನದು ವೀಡಿಯೊ ಕೃತಿಗಳ ಪ್ರದರ್ಶನ. ಪ್ರೊಜೆಕ್ಟರ್‌ಗೆ ಕತ್ತಲೆ ಬೇಕು, ಜನರ ಗೋಡೆಗೆ 50 ಲಕ್ಸ್ ಆದರೂ ಬೇಕು. ಸದ್ಯಕ್ಕೆ ಹಳೆಯ ಪರದೆಗಳನ್ನು ಕಪ್ಪು ಬಟ್ಟೆಗೆ ಹೊಲಿಸಿ ನಡುವೆ ಅಡ್ಡ ಕಟ್ಟಿ ನೋಡುತ್ತಿದ್ದೇನೆ, ನಿನ್ನೆಯವರೆಗೂ ಬೆಳಕು ಕೆಳಗಿನಿಂದ ಸೋರುತ್ತಿತ್ತು.